ಎರಡು ದೀಪಗಳ ನಡುವೆ ಬೊಮ್ಮಜ್ಜ

ನಮ್ಮ ಪ್ರೆಸ್ಸಿನಲ್ಲಿ ಸತ್ತವರಿಗೆ ಸಿಗುವಷ್ಟು ಚೆಂದದ ಚೌಕಟ್ಟು ಬದುಕಿರುವವರಿಗೆ ಸಿಗುವುದಿಲ್ಲ. ಇದು ನಾನು ಬೇಕೆಂದು ಮಾಡಿದ್ದಲ್ಲ. ಮದುವೆಯ ಕಾರ್ಡಿಗೆ ಬಂದವರು ಗಣಪತಿಯ ಸೊಂಡಿಲು ಎಡಕ್ಕೋ ಬಲಕ್ಕೋ ಎಂಬಲ್ಲಿಂದ ಶುರುಮಾಡುತ್ತಾರೆ. ಸೋದರಮಾವನ ಹೆಸರು ದೊಡ್ಡಪ್ಪನ ಹೆಸರಿಗಿಂತ ಒಂದು ಕೂದಲೆಳೆ ಮೇಲಿರಬೇಕು ಎನ್ನುವವರೆಗೆ ಜಗಳವಾಡಿ, ಕೊನೆಗೆ ಹೂಬಳ್ಳಿಗೆ ಜಾಗವೇ ಉಳಿಯದಂತೆ ಮಾಡುತ್ತಾರೆ. ತಿಥಿಯ ಕಾರ್ಡಿಗೆ ಬರುವವರು ಹಾಗಲ್ಲ. ಒಂದು ಫೋಟೋ ಕೊಟ್ಟು, ನೀವೇ ನೋಡಿ ಮಾಡಿ ಎಂದು ಬೆಂಚಿನ ಮೇಲೆ ಸುಮ್ಮನೆ ಕೂರುತ್ತಾರೆ. ಹೀಗಾಗಿ ಹುಣಸೂರಿನಲ್ಲಿ ಮೂವತ್ತು ವರ್ಷ ಅಚ್ಚಿನ ಕೆಲಸ ಮಾಡಿದ ನನ್ನ ಕಲೆಯೆಲ್ಲ ಸತ್ತವರ ಪಾಲಾಗಿದೆ. ಎರಡು ಕಡೆ ಎರಡು ದೀಪ, ಮೇಲೆ ಮಲ್ಲಿಗೆಯ ತೋರಣ, ನಡುವೆ ಮೊಟ್ಟೆಯಾಕಾರದ ಕಿಟಕಿ. ಆ ಕಿಟಕಿಯಲ್ಲಿ ಎಂಥವರನ್ನು ಕೂರಿಸಿದರೂ ಸಜ್ಜನರಾಗಿ ಕಾಣುತ್ತಾರೆ.

ಅಚ್ಚಿನವನಿಗೆ ಪರಲೋಕದ ಭೂಗೋಳ ಸ್ವಲ್ಪ ತಿಳಿದಿರಬೇಕು. ನಮ್ಮವರು ಲಿಂಗೈಕ್ಯರಾಗುತ್ತಾರೆ, ಕೆಲವರು ವೈಕುಂಠಕ್ಕೆ ಹೋಗುತ್ತಾರೆ, ಕೆಲವರು ಶಿವನ ಪಾದ ಸೇರುತ್ತಾರೆ, ರಾಜಕೀಯದವರು ಬರೀ ‘ನಮ್ಮನ್ನಗಲಿ’ ಎಲ್ಲಿಗೆಂದು ಹೇಳದೆ ಹೊರಟುಬಿಡುತ್ತಾರೆ. ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರಿಗೆ ಕೊಟ್ಟರೆ ಮನೆಯವರು ಸುಮ್ಮನಿರುವುದಿಲ್ಲ. ಅದಕ್ಕೇ ಪ್ರತಿಯೊಂದರ ಮಾದರಿಯೂ ನನ್ನ ಕಂಪ್ಯೂಟರಿನಲ್ಲಿ ಸಿದ್ಧವಾಗಿದೆ. ಹಾಡಿಯವರದು ಮಾತ್ರ ಇರಲಿಲ್ಲ. ಕಾಡಂಚಿನ ಆದಿವಾಸಿ ಹಾಡಿಗಳಿಂದ ಯಾರೂ ನನ್ನ ಹತ್ತಿರ ಕಾರ್ಡು ಮಾಡಿಸಲು ಬಂದಿರಲಿಲ್ಲ, ಅಷ್ಟೇ.

ಅವರ ಕೆಲಸ ಬಂದದ್ದು ಬೇರೆ ದಾರಿಯಿಂದ. ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಜೇನುಕುರುಬ ಹಿರಿಯರ ಆರೋಗ್ಯ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಯಿದೆ. ಅದರಲ್ಲಿ ಕೆಲಸ ಮಾಡುವ ವನಜಾ ಎಂಬ ಹೆಣ್ಣುಮಗಳು ಒಂದು ದಿನ ಪ್ರೆಸ್ಸಿಗೆ ಬಂದು, ಹಿರಿಯರಿಗಾಗಿ ತಿಂಗಳಿಗೊಂದು ಸುದ್ದಿಹಾಳೆ ತರಬೇಕು, ಒಂದು ಕಡೆ ಹಾಡಿಗಳ ಸುದ್ದಿ, ಇನ್ನೊಂದು ಕಡೆ ಆರೋಗ್ಯದ ಮಾತು ಎಂದಳು. ಬರೆಯುವವರು ಯಾರು ಎಂದೆ. ನೀವೇ ಬರೆದುಬಿಡಿ ಅಣ್ಣ, ನಿಮ್ಮದು ಅಕ್ಷರ ಚೆನ್ನಾಗಿದೆ ಎಂದಳು. ಕಂಪ್ಯೂಟರಿನ ಅಕ್ಷರ ಎಲ್ಲರದೂ ಚೆನ್ನಾಗಿರುತ್ತದೆ ಎಂದು ಹೇಳಬೇಕೆನಿಸಿತು. ಹೊಗಳಿಕೆ ಬಾಯಿ ಕಟ್ಟಿತು.

ಮೊದಲ ಸಂಚಿಕೆಯನ್ನು ಒಂದು ಹಾಡಿಯಲ್ಲಿ ನಾನೇ ಓದಿದೆ. ಹಿರಿಯರಲ್ಲಿ ಓದು ಬರುವವರು ಕಡಿಮೆ. ಅದಕ್ಕೆ ಹಾಡಿಯ ನೆಲ್ಲಿಮರದ ಕೆಳಗೆ ಎಲ್ಲರನ್ನೂ ಸೇರಿಸಿ ಓದಿ ಹೇಳುವುದು ಎಂದು ವನಜಾ ಗೊತ್ತುಮಾಡಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಹಿರಿಯರು ದಿನಕ್ಕೆ ಅರ್ಧ ಗಂಟೆ ನಡೆಯಬೇಕು ಎಂದು ಓದಿದೆ. ಮುಂದೆ ಕೂತಿದ್ದ ಎಂಬತ್ತರ ಆಸುಪಾಸಿನ ಬೊಮ್ಮಜ್ಜ, ಎಲ್ಲಿಗೆ ಎಂದು ಕೇಳಿದ. ಎಲ್ಲಿಗೂ ಅಲ್ಲ, ಸುಮ್ಮನೆ ಹೋಗಿ ಸುಮ್ಮನೆ ಬರುವುದು ಎಂದೆ. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಡಿನೊಳಗಿದ್ದ ಅವರ ಹಾಡಿಯನ್ನು ಎಬ್ಬಿಸಿ ಇಲ್ಲಿ ತಂದು ಕೂರಿಸಿ ಬಹಳ ಕಾಲವಾಗಿದೆ. ಜೇನಿಗೆ, ಗೆಣಸಿಗೆ, ಸೊಪ್ಪಿಗೆ ಎಂದು ಬೆಳಗಿಂದ ಸಂಜೆವರೆಗೆ ನಡೆದವರನ್ನು ಮೊದಲು ನಿಲ್ಲಿಸಿ, ಆಮೇಲೆ ನನ್ನಂಥವನ ಕೈಲಿ ಹಾಳೆ ಕೊಟ್ಟು ನಡೆಯಿರಿ ಎಂದು ಹೇಳಿಸುವುದು ಅವರಿಗೆ ತಮಾಷೆಯಾಗಿ ಕಂಡಿರಬೇಕು. ಬಸ್ಸಿಳಿದು ಅಲ್ಲಿಗೆ ನಡೆದುಬರುವಷ್ಟರಲ್ಲಿ ನಾನು ಎರಡು ಕಡೆ ಕೂತು ಎದ್ದಿದ್ದನ್ನು ಅವರು ನೋಡಿದ್ದರು. ಯಾರೂ ಅದನ್ನು ಎತ್ತಲಿಲ್ಲ. ಅವರು ಮರ್ಯಾದಸ್ಥರು.

ಬೊಮ್ಮಜ್ಜ ನನಗೆ ಬಹಳ ಹಿಡಿಸಿದ. ಅವನ ರಕ್ತದೊತ್ತಡ ಮಾತ್ರೆಯಿಂದ ಹತೋಟಿಯಲ್ಲಿತ್ತು, ಮಿಕ್ಕಂತೆ ಮನುಷ್ಯ ಗಟ್ಟಿ. ಮೂರನೆಯ ಸಂಚಿಕೆಗೆ ‘ಈ ತಿಂಗಳ ಆರೋಗ್ಯವಂತ ಹಿರಿಯರು’ ಎಂಬ ಅಂಕಣ ಶುರುಮಾಡಿ, ಮೊದಲಿಗೆ ಅವನನ್ನೇ ಹಾಕೋಣ ಎಂದು ನಾನೂ ವನಜಾಳೂ ತೀರ್ಮಾನಿಸಿದೆವು. ಫೋಟೋ ಬಂತು. ಅಷ್ಟು ಒಳ್ಳೆಯ ಮುಖಕ್ಕೆ ಸಾಧಾರಣ ಚೌಕಟ್ಟು ಹಾಕಲು ಮನಸ್ಸಾಗಲಿಲ್ಲ. ನನ್ನಲ್ಲಿದ್ದ ಅತ್ಯುತ್ತಮ ಚೌಕಟ್ಟನ್ನು ತೆರೆದೆ.

ಮಿಕ್ಕಿದ್ದು ನಿಮಗೆ ಹೊಳೆದಿರಬಹುದು. ದೀಪವೇನೋ ಶುಭವೇ, ಅದು ಮಂಗಳಕ್ಕೂ ಉರಿಯುತ್ತದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಹಳೆಯ ಹೆಸರು ಅಳಿಸಿ ‘ಶ್ರೀ ಬೊಮ್ಮಯ್ಯನವರು’ ಎಂದು ಕೂರಿಸಿದೆ. ಚೌಕಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ‘ಇವರ ಆತ್ಮಕ್ಕೆ ಚಿರಶಾಂತಿ ಕೋರುವ ಬಂಧುಮಿತ್ರರು’ ಎಂಬ ಸಾಲು ಮಾತ್ರ ಇದ್ದಲ್ಲೇ ಇತ್ತು. ಮೂವತ್ತು ವರ್ಷ ನೋಡಿದ ಸಾಲು ಕಣ್ಣಿಗೆ ಬೀಳುವುದಿಲ್ಲ, ಅದು ಗೋಡೆಯ ಬಣ್ಣವಿದ್ದಂತೆ. ಕರಡು ತಿದ್ದುವ ನನ್ನ ಹೆಂಡತಿ ಗಿರಿಜಾ ಆ ವಾರ ಅಕ್ಕನ ಮನೆಗೆಂದು ಹೊಸ ಅಗ್ರಹಾರಕ್ಕೆ ಹೋಗಿದ್ದಳು, ವನಜಾ ಆ ತಿಂಗಳು ರಜೆಯಲ್ಲಿದ್ದಳು. ಹಾಳೆ ಮೂರು ತಾಲ್ಲೂಕಿನ ಹಾಡಿಗಳಿಗೂ ಹೋಯಿತು. ‘ಸುದ್ದಿ’ ಎಂಬ ನಮ್ಮ ಮಾತು ‘ಶುದ್ಧಿ’ಯಿಂದ ಬಂದದ್ದಂತೆ. ನಾನು ಅದನ್ನು ಸೂತಕದಿಂದ ಶುರುಮಾಡಿದ್ದೆ.

ಆಮೇಲೆ ನಡೆದದ್ದನ್ನು ಬೊಮ್ಮಜ್ಜನೇ ನನಗೆ ಹೇಳಿದ. ಅವನು ಬೆಳಗ್ಗೆ ಬಾಗಿಲಲ್ಲಿ ಕೂತು ಬುಟ್ಟಿಗೆ ಬಿದಿರು ಸೀಳುತ್ತಿದ್ದನಂತೆ. ಪಕ್ಕದ ಹಾಡಿಯ ನಾಲ್ಕು ಜನ ಅಕ್ಕಿ, ಎಲೆಯಡಿಕೆ ಹಿಡಿದು ತಲೆ ತಗ್ಗಿಸಿಕೊಂಡು ಬಂದರು. ಯಾರು ಹೋದರು ಎಂದು ಇವನು ಕೇಳಿದ. ಅವರು ಹೇಳಲಾರದೆ ನಿಂತರು. ಎದುರಿಗಿರುವ ಮನುಷ್ಯನಿಗೆ ಅವನೇ ಹೋದನೆಂದು ಹೇಳುವ ರೀತಿ ಯಾವ ಊರಿನ ಶಿಷ್ಟಾಚಾರದಲ್ಲೂ ಇಲ್ಲ. ಅವನು ಅವರಿಗೆ ಟೀ ಕಾಯಿಸಿದ. ಕುಡಿದು, ಬಂದದ್ದಕ್ಕೆ ಕೆಲಸವಾಗಲೆಂದು ಬಿದಿರು ಸೀಳುವುದಕ್ಕೆ ಕೈಹಾಕಿದರು. ಇನ್ನೊಂದು ಗುಂಪು ಬಂತು, ಅದೂ ಬಿದಿರಿಗೆ ಕೂತಿತು.

ಮಧ್ಯಾಹ್ನದ ಹೊತ್ತಿಗೆ ಪಿರಿಯಾಪಟ್ಟಣ ಕಡೆಯ ಹಾಡಿಯಿಂದ ಅವನ ತಂಗಿ ಕಾಳಮ್ಮ ಬಂದಳು. ಅಣ್ಣ ತಂಗಿಯರ ನಡುವೆ ಏಳು ವರ್ಷದಿಂದ ಮಾತಿರಲಿಲ್ಲ. ಅವನ ನಾಯಿ ತನ್ನ ಕೋಳಿ ತಿಂದಿತೆಂದು ಅವಳು, ತಿಂದದ್ದು ನರಿಯೆಂದು ಅವನು. ಅಂಗನವಾಡಿ ಟೀಚರು ಹಾಳೆ ಓದಿ ಹೇಳಿದ ಕೂಡಲೇ ಹೊರಟವಳು ದಾರಿಯುದ್ದಕ್ಕೂ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಹಾಡಿಯ ಅಂಚಿನಿಂದಲೇ ಅಣ್ಣನ ಗುಣ ಹೇಳಿಕೊಂಡು ರಾಗವಾಗಿ ಅಳುತ್ತಾ ಬಂದು, ಸೆರಗಿನಿಂದ ಮುಖ ಮುಚ್ಚಿ, ಜನರ ನಡುವೆ ಕುಸಿದು ಕೂತಳು. ಹೆಜ್ಜೇನಿನ ಮರ ಹತ್ತಿದರೆ ಮೊದಲ ತುಂಡು ನನಗೇ ಕೊಡುತ್ತಿದ್ದೆಯಲ್ಲಣ್ಣ ಎಂದಳು. ಸುತ್ತಲಿದ್ದವರೂ ಕಣ್ಣೊರಸಿಕೊಂಡರು. ಅವಳ ಎದುರಿಗೇ ಬೊಮ್ಮಜ್ಜ ಕತ್ತಿ ಹಿಡಿದು ಕೂತಿದ್ದ. ಇಷ್ಟೊಂದು ಒಳ್ಳೆಯ ಮಾತನ್ನು ತಂಗಿಯ ಬಾಯಲ್ಲಿ ಎಂದೂ ಕೇಳಿರಲಿಲ್ಲವಾದ್ದರಿಂದ ನಡುವೆ ಬಾಯಿ ಹಾಕಲು ಮನಸ್ಸು ಬರಲಿಲ್ಲ ಎಂದ. ಕೊನೆಗೆ ಅವಳು, ನಿನ್ನ ನಾಯಿ ನನ್ನ ಕೋಳಿ ತಿಂದರೂ ನಾನು ಒಂದು ಮಾತು ಅನ್ನಲಿಲ್ಲವಲ್ಲಣ್ಣ ಎಂದು ರಾಗ ಎಳೆದಾಗ ತಡೆಯಲಾಗಲಿಲ್ಲ.

“ತಿಂದದ್ದು ನರಿ ಕಣವ್ವ” ಎಂದ.

ಕಾಳಮ್ಮ ಸೆರಗು ತೆಗೆಯದೆಯೇ, “ನಾಯಿ” ಎಂದಳು. ಆಮೇಲೆ ಸೆರಗು ತೆಗೆದಳು.

ಅವತ್ತು ಸಂಜೆವರೆಗೂ ಅವರಿಬ್ಬರೂ ಆ ಕೋಳಿಯ ವಿಷಯವನ್ನು ಮಾತಾಡಿದರಂತೆ. ತೀರ್ಮಾನವಾಗಲಿಲ್ಲ. ಬಂದಿದ್ದ ಅಕ್ಕಿಯಲ್ಲಿ ಎಲ್ಲರಿಗೂ ಅನ್ನ ಮಾಡಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಪುಣ್ಯ ಕಟ್ಟಿಕೊಂಡವನಾಗುತ್ತಿದ್ದೆ. ಆದರೆ ತಿಂಗಳಿಗೊಮ್ಮೆ ಹಾಡಿಗೆ ಮಾತ್ರೆ ತರುವ ಸಿಸ್ಟರೂ ನಮ್ಮ ಹಾಳೆಯನ್ನು ಓದುತ್ತಿದ್ದರು. ಓದಿ, ನೊಂದು, ತಮ್ಮ ಪಟ್ಟಿಯಿಂದ ಬೊಮ್ಮಜ್ಜನ ಹೆಸರು ತೆಗೆದುಬಿಟ್ಟಿದ್ದರು. ಮುಂದಿನ ಸಲ ಬಂದಾಗ ಸಾಲಿನಲ್ಲಿ ನಿಂತಿದ್ದ ಅವನನ್ನು ನೋಡಿ ಅವರಿಗೆ ಸಂತೋಷವಾಯಿತು. ಆದರೆ ಎಣಿಸಿ ತಂದಿದ್ದ ಮಾತ್ರೆಯಲ್ಲಿ ಅವನ ಪಾಲು ಇರಲಿಲ್ಲ, ಮನೆಯಲ್ಲಿದ್ದದ್ದೂ ಮುಗಿದು ವಾರವಾಗಿತ್ತು. ಅವರ ಕೈಯಲ್ಲಿದ್ದ ಯಂತ್ರ ಅವನ ನಂಬರು ಒತ್ತಿದರೆ ಮೃತ ಎನ್ನುತ್ತಿತ್ತು. ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಮೃತರ ರಕ್ತದೊತ್ತಡ ವಿಪರೀತ ಏರಿತ್ತು. ಮೇಲಿನವರಿಗೆ ತೋರಿಸಲು ಏನಾದರೂ ಕಾಗದ ಬೇಕು, ಹೆಸರು ತೆಗೆದದ್ದು ಅಚ್ಚಾದ ಹಾಳೆ ನೋಡಿ, ಮತ್ತೆ ಸೇರಿಸುವುದಕ್ಕೂ ಅಂಥದ್ದೇ ಇದ್ದರೆ ಒಳ್ಳೆಯದು ಎಂದರು. ಮಾತ್ರೆ ಬೇಕಾದರೆ ಇವತ್ತೇ ನನ್ನ ಜೊತೆ ಆಸ್ಪತ್ರೆಗೆ ಬನ್ನಿ ಎಂದು ಜೀಪಿಗೂ ಕರೆದರು. ಬೊಮ್ಮಜ್ಜ ಜೀಪು ಹತ್ತದೆ, ಬರೆದವನೇ ತಿದ್ದಲಿ ಎಂದು ಮಾರನೆಯ ಬೆಳಗ್ಗೆ ಬಸ್ಸು ಹತ್ತಿ ಹುಣಸೂರಿಗೆ ಬಂದ.

ಅವನು ಪ್ರೆಸ್ಸಿನ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡ. ಮುಖ ಕೆಂಪಾಗಿತ್ತು. ಸತ್ತವರ ಕಡೆಯವರು ಕೂರುವ ಬೆಂಚಿನ ಮೇಲೆ ಕೂತು, ಮಡಿಸಿಟ್ಟಿದ್ದ ಹಾಳೆ ತೆಗೆದು ನನ್ನ ಮುಂದೆ ಹರವಿದ. ಆಗಲೇ ನಾನು ಆ ಸಾಲನ್ನು ಮೊದಲ ಬಾರಿಗೆ ಓದಿದ್ದು. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

“ಅದೇನೋ ಚಿರಶಾಂತಿ ಅಂತ ಬರ್ದಿದ್ದೀರಂತೆ. ಅದ್ಯಾವೂರು ಸ್ವಾಮಿ?” ಎಂದ.

ನಾನು ಹಾಳೆಯನ್ನು ಕೈಗೆತ್ತಿಕೊಂಡು ಮತ್ತೆ ಓದಿದೆ. ಅವನು, “ಅಲ್ಗೋಗಕ್ಕೆ ನಂಗಿನ್ನೂ ಪುರುಸೊತ್ತಿಲ್ಲ. ಬುಟ್ಟಿ ಅರ್ಧ್ಕೆ ನಿಂತದೆ. ನೀವು ಕಳ್ಸಿದ್ದು, ನೀವೇ ವಾಪಸ್ ಕರ್ಸ್ಕೊಳ್ಳಿ” ಎಂದ.

ಅವನನ್ನು ಹಿಡಿದುಕೊಂಡು ನಮ್ಮ ಬೀದಿಯ ತುದಿಯಲ್ಲಿರುವ ಡಾಕ್ಟರ ಹತ್ತಿರ ಹೋದೆ. ಅಂದು ಅಷ್ಟು ದೂರ ನಡೆಯುವಾಗ ನನ್ನ ಮನಸ್ಸಿನಲ್ಲಿದ್ದ ಭಯವನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಒಂದು ಸಾಲು ಅಳಿಸಲು ಮರೆತದ್ದಕ್ಕೆ ಈ ಮನುಷ್ಯನ ತಲೆಯೊಳಗೆ ನರ ಒಡೆದರೆ, ಆಗ ಆ ಹಾಳೆಯಲ್ಲಿ ತಪ್ಪೇ ಇರುವುದಿಲ್ಲ. ಡಾಕ್ಟರು ಮಾತ್ರೆ ಕೊಟ್ಟು ಮಲಗಿಸಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ, ಇಳಿಯುತ್ತಿದೆ ಎಂದರು. ನಾನು ಉಸಿರು ಬಿಟ್ಟ ಸದ್ದಿಗೆ ತಿರುಗಿ ನೋಡಿ, ನನ್ನ ತೋಳಿಗೂ ಪಟ್ಟಿ ಸುತ್ತಿದರು. ನನ್ನದು ಬೊಮ್ಮಜ್ಜನದಕ್ಕಿಂತ ಹೆಚ್ಚಿತ್ತು. ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದರು. ಮಂಚದ ಮೇಲಿನಿಂದ ಬೊಮ್ಮಜ್ಜ, ಎಲ್ಲಿಗೆ ಎಂದು ಕೇಳಲಿಲ್ಲ. ಸುಮ್ಮನೆ ನನ್ನನ್ನು ನೋಡಿದ.

ತಿದ್ದುಪಡಿ ಅಚ್ಚು ಹಾಕಲು ಕೂತಾಗ ಹೊಸ ಕಷ್ಟ ಎದುರಾಯಿತು. ಮನುಷ್ಯ ಹುಟ್ಟಿದ, ಮದುವೆಯಾದ, ಮನೆ ಕಟ್ಟಿದ, ಸತ್ತ ಎಂದು ಹೇಳಲು ನನ್ನ ಬಳಿ ಮಾದರಿಗಳಿವೆ. ಬದುಕಿದ್ದಾನೆ ಎಂದು ಹೇಳಲು ಒಂದೂ ಇಲ್ಲ. ಯಾರೂ ಅದನ್ನು ಅಚ್ಚು ಹಾಕಿಸುವುದಿಲ್ಲ. ಹಿಂದೆ ಕಾಗದ ಬರೆಯುವಾಗ ‘ಉಭಯಕುಶಲೋಪರಿ’ ಎಂದು ಶುರುಮಾಡಿ, ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಮುಗಿಸುತ್ತಿದ್ದರು. ನಡುವೆ ಏನೂ ಇಲ್ಲದಿದ್ದರೂ ಅದು ಪೂರ್ತಿ ಕಾಗದವೇ. ಆ ಸುದ್ದಿಯನ್ನು ನಾವು ಯಾವಾಗ ಸುದ್ದಿಯ ಪಟ್ಟಿಯಿಂದ ತೆಗೆದೆವೋ ತಿಳಿಯದು. ಕೊನೆಗೆ ಮದುವೆಯ ನವಿಲುಗಳ ಚೌಕಟ್ಟಿನೊಳಗೆ ದಪ್ಪಕ್ಷರದಲ್ಲಿ ‘ಬೊಮ್ಮಯ್ಯನವರು ಬದುಕಿದ್ದಾರೆ’ ಎಂದು ಹಾಕಿದೆ. ಅಷ್ಟರಲ್ಲಿ ಅಕ್ಕನ ಮನೆಯಿಂದ ಬಂದಿದ್ದ ಗಿರಿಜಾ ಮೂರು ಸಲ ಓದಿ, ಇನ್ನು ನಿಮ್ಮನ್ನು ನಂಬುವುದಿಲ್ಲ ಎಂದು ನನ್ನ ಜೊತೆ ಹಾಡಿಗೇ ಬಂದು ಬೊಮ್ಮಜ್ಜನನ್ನು ಕಣ್ಣಾರೆ ಕಂಡಳು. ಸಿಸ್ಟರು ಆ ಹಾಳೆಯನ್ನು ಜೋಪಾನವಾಗಿ ಮಡಿಸಿ ಒಯ್ದರು. ಯಂತ್ರ ಹಳೆಯ ಬೊಮ್ಮಯ್ಯನನ್ನು ಬಿಟ್ಟುಕೊಡಲಿಲ್ಲವಾದ್ದರಿಂದ ಅವನನ್ನು ಹೊಸದಾಗಿ ಸೇರಿಸಿದರು. ಮಾತ್ರೆ ಮತ್ತೆ ಬಂತು.

ಅಂದು ನೆಲ್ಲಿಮರದ ಕೆಳಗೆ ನಾನು ತಿದ್ದುಪಡಿ ಓದಿದ ಮೇಲೆ ಯಾರೂ ಏಳಲಿಲ್ಲ. ಅಣ್ಣನ ಮನೆಯಲ್ಲೇ ಉಳಿದಿದ್ದ ಕಾಳಮ್ಮ, “ಅವ್ನೊಬ್ನೇನಾ ಬದ್ಕಿರದು? ನಾವೇನು ಸತ್ತೋಗಿದ್ದೀವಾ?” ಎಂದಳು. ಮಾತು ನ್ಯಾಯವಾಗಿತ್ತು. ಮುಂದಿನ ತಿಂಗಳಿನಿಂದ ‘ಬದುಕಿದ್ದಾರೆ’ ಎಂಬ ಅಂಕಣ ಶುರುವಾಯಿತು. ಬರೀ ಹೆಸರು ಸಾಲದು, ಗುರುತು ಬೇಕು ಎಂದು ಅವರೇ ಕಟ್ಟಳೆ ಮಾಡಿದರು. ಇಂಥವಳು ಬದುಕಿದ್ದಾಳೆ, ಸೊಸೆಯ ಸಾರಿಗೆ ಉಪ್ಪಿಲ್ಲ ಎಂದಳು. ಇಂಥವನು ಬದುಕಿದ್ದಾನೆ, ಮಂಡಿ ನೋಯುತ್ತಿದೆ, ಆದರೂ ಹಲಸಿನ ಮರದ ತನಕ ಹೋಗಿ ಬಂದ. ಕಾಳಮ್ಮ ಬದುಕಿದ್ದಾಳೆ, ನಾಯಿಯೇ ಎಂದಳು. ಪೋಷಕಾಂಶದ ಬಗ್ಗೆ ನಾನು ಬರೆದದ್ದನ್ನು ಯಾರೂ ಕೇಳುತ್ತಿರಲಿಲ್ಲ. ಇದನ್ನು ಎರಡೆರಡು ಸಲ ಓದಿಸುತ್ತಿದ್ದರು.

ಸಂಸ್ಥೆಯ ದೊಡ್ಡವರಿಗೆ ಮಾತ್ರ ಇದು ಆರೋಗ್ಯದ ಅಂಕಣವೆಂದು ಅನ್ನಿಸಲಿಲ್ಲ. ನಿಲ್ಲಿಸಿ, ಆ ಜಾಗಕ್ಕೆ ಪ್ರಾಣಾಯಾಮ ಹಾಕಿ ಎಂದು ವನಜಾಳಿಗೆ ಹೇಳಿದರು. ಅದೇ ತಿಂಗಳು ಪಟ್ಟಿ ಓದುವಾಗ ಕಾಳಮ್ಮ ಕೈ ಎತ್ತಿ, ಮಾಸ್ತಿಯ ಹೆಸರು ಬರಲಿಲ್ಲ ಎಂದಳು. ಮಾಸ್ತಿ ಹಾಡಿಯ ಕೊನೆಯಲ್ಲಿ ಒಬ್ಬಳೇ ಇರುವ ಮುದುಕಿ, ಮಾತು ಕಡಿಮೆ. ಗುರುತು ಕೊಡಲು ಬಂದಿರಲಿಲ್ಲ, ಹಾಗಾಗಿ ವನಜಾ ಬರೆದುಕೊಂಡಿರಲಿಲ್ಲ. ಬೊಮ್ಮಜ್ಜ ಎದ್ದ. ಅವನ ಹಿಂದೆ ಎಲ್ಲರೂ ಎದ್ದರು. ಹೋಗಿ ನೋಡಿದರೆ ಅವಳು ಜ್ವರದಲ್ಲಿ ಮೈಮರೆತು ಬಿದ್ದಿದ್ದಳು. ತುಟಿ ಒಣಗಿ ಬಿರಿದಿತ್ತು. ಜೀಪು ಬರುವ ತನಕ ಕಾಳಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಮಚದಲ್ಲಿ ನೀರು ಬಿಡುತ್ತಾ ಬೈಯುತ್ತಿದ್ದಳು. ಇನ್ನೊಂದು ದಿನವಾಗಿದ್ದರೆ ಕಷ್ಟವಿತ್ತು ಎಂದರಂತೆ ಆಸ್ಪತ್ರೆಯಲ್ಲಿ. ಹತ್ತು ದಿನಕ್ಕೆ ಮಾಸ್ತಿ ಮನೆಗೆ ಬಂದಳು. ಪ್ರಾಣಾಯಾಮದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮೊನ್ನೆ ಪಟ್ಟಿ ಬರೆದುಕೊಳ್ಳಲು ನಾನೇ ಹೋಗಿದ್ದೆ. ಎಲ್ಲರದೂ ಮುಗಿದು ಪೆನ್ನಿಗೆ ಮುಚ್ಚಳ ಹಾಕುವಾಗ ಕಾಳಮ್ಮ, ನಿಮ್ಮ ಹೆಸರೆಲ್ಲಿ ಎಂದು ಕೇಳಿದಳು. ನಕ್ಕೆ. ಯಾರೂ ನಗಲಿಲ್ಲ. ಗುರುತು ಏನು ಎಂದರು. ಪ್ರೆಸ್ಸು ನಡೆಸುತ್ತೇನೆ ಎಂದೆ. ಅದು ಮಿಷನ್ನು ಮಾಡುವ ಕೆಲಸ ಎಂದು ತಳ್ಳಿಹಾಕಿದರು. ಈ ತಿಂಗಳು ಯಾರನ್ನಾದರೂ ನೋಡಲು ಹೋಗಿದ್ದಿರಾ ಎಂದರು. ಯೋಚಿಸಿದೆ. ಯಾರ ಜೊತೆಗಾದರೂ ಮನಸಾರೆ ಜಗಳವಾಡಿದ್ದು? ಅದೂ ಇಲ್ಲ. ಕಾಲು ನೋವು? ನಡೆದರೆ ತಾನೇ. ಇಷ್ಟು ಜನರ ಮುಂದೆ ನಾನು ಇದ್ದೇನೆ ಎಂದು ತೋರಿಸಲು ಒಂದೂ ಆಧಾರ ಸಿಗದೆ ಬೆವರಿದೆ. ಬೊಮ್ಮಜ್ಜನಿಗೆ ಕನಿಕರ ಬಂದಿರಬೇಕು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ.

“ಬರ್ಕೊಳ್ಳಿ. ಪಿರೆಸ್ ಸ್ವಾಮಿ, ಬದ್ಕವ್ರೆ ಅಂತ ಕಾಣ್ತದೆ. ಇನ್ನೊಂದ್ ತಿಂಗ್ಳು ನೋಡಾನ” ಎಂದ.

ಹಾಗೇ ಅಚ್ಚು ಹಾಕಿದ್ದೇನೆ.