ಮೊದಲು ನೀರು, ಆಮೇಲೆ ಅಳು

ನಮ್ಮ ಮೇಡಂ ಅವರ ಬಲಗಣ್ಣಿನಿಂದ ಸದಾ ನೀರು ಸೋರುತ್ತಿತ್ತು. ಎಡಗಣ್ಣು ನೆಟ್ಟಗೇ ಇತ್ತು. ಬಲಗಣ್ಣಿನ ರೆಪ್ಪೆ ಮಾತ್ರ ಕೆಂಪಗೆ ಉಬ್ಬಿಕೊಂಡು, ಕೆನ್ನೆಯ ಮೇಲೆ ಒಂದು ಒದ್ದೆ ಗೆರೆ ಇಳಿಯುತ್ತಲೇ ಇರುತ್ತಿತ್ತು. ಹಿಂದೆ ಎಲ್ಲೋ ಕೆಲಸ ಮಾಡುವಾಗ ಅಮೋನಿಯದ ಹೊಗೆ ಹೊಡೆದು ಹಾಗಾಯಿತಂತೆ. ಏಪ್ರನ್ನಿನ ಜೇಬಿನಿಂದ ಮಡಿಸಿದ ಬಿಳಿ ಬಟ್ಟೆ ತೆಗೆದು ಒರೆಸಿಕೊಳ್ಳುತ್ತಾ ಅವರು ನಮ್ಮನ್ನು ಬೈಯುತ್ತಿದ್ದರು. ದೂರದಿಂದ ನೋಡಿದವರು, ಪಾಪ, ಈ ಹೆಂಗಸು ಯಾರದೋ ಕಷ್ಟಕ್ಕೆ ಅಳುತ್ತಿದ್ದಾಳೆ ಎಂದುಕೊಳ್ಳಬೇಕು. ನಿಜವಾಗಿ ಅಳುತ್ತಿದ್ದವರು ನಾವು.

ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ರಬ್ಬರ್ ಫ್ಯಾಕ್ಟರಿ. ಸುತ್ತಲಿನ ಬೆಳೆಗಾರರು ರಬ್ಬರ್ ಮರದಿಂದ ಇಳಿಸಿದ ಹಾಲನ್ನು ಅಲ್ಲಿಗೆ ತಂದು ಸುರಿಯುತ್ತಿದ್ದರು. ಅದಕ್ಕೆ ನೀರು ಬೆರೆಸಿ, ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟು ಮಾಡಿ ಹೊಗೆಮನೆಯಲ್ಲಿ ಒಣಗಿಸುವುದು ಕೆಲಸ. ಶೆಡ್ಡಿನ ಮೂಲೆಯಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆಯೊಂದಿತ್ತು, ಅದೇ ಲ್ಯಾಬ್. ಹಾಲಿನಲ್ಲಿ ರಬ್ಬರ್ ಎಷ್ಟಿದೆ ಎಂದು ಪರೀಕ್ಷೆ ಮಾಡುವುದು, ಆಸಿಡ್ಡನ್ನು ಹದಕ್ಕೆ ತೆಳು ಮಾಡಿಸಿ ಶೆಡ್ಡಿಗೆ ಕೊಡುವುದು, ಎರಡಕ್ಕೂ ನಮ್ಮ ಮೇಡಂ ಒಡತಿ. ತೀರ್ಥಹಳ್ಳಿ ಕಡೆಯವರು, ಮದುವೆಯಾಗಿರಲಿಲ್ಲ. ಸಾಗರದಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಅವರ ಕೈಕೆಳಗೆ ಸೇರಿದೆ.

ಮೊದಲ ದಿನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ. ಬೆರಳು ಕಾಣುವ ಚಪ್ಪಲಿಯಲ್ಲಿ ಲ್ಯಾಬಿಗೆ ಬಂದದ್ದಕ್ಕೆ ಮೇಡಂ ಅದನ್ನು ಬಿಚ್ಚಿಸಿ, ಕಿಟಕಿಯಿಂದ ಹಿಂದಿನ ಚರಂಡಿಗೆ ಎಸೆದರು. ಸಂಜೆ ನಾನು ಬರಿಗಾಲಲ್ಲಿ ಬಸ್ಸು ಹತ್ತಿದೆ. ಮರುದಿನ ಬೂಟು ಹಾಕಿಕೊಂಡು ಹೋದರೆ ಒಂದು ಒಳ್ಳೆಯ ಮಾತಿಲ್ಲ. ಕೈಗವಸಿಗೆ ನೀರು ತುಂಬಿ ಎತ್ತಿ ಹಿಡಿದು, ತೂತಿದೆಯೇ ಎಂದು ನೋಡುವುದನ್ನು ಕಲಿಸಿದರು. ಗಾಜಿನ ಬಳೆ ತೆಗೆಸಿದರು. ರಕ್ಷಣೆಯ ಕನ್ನಡಕ ಹಾಕದೆ ಯಾರಾದರೂ ಒಳಗೆ ಬಂದರೆ ಆ ದಿನವಿಡೀ ಅವರಿಗೆ ಹೆಸರಿರುತ್ತಿರಲಿಲ್ಲ. ಹೆಂಗಸಾದರೆ ಕುರುಡಿ, ಗಂಡಸಾದರೆ ಕುರುಡ. ಮೊಮ್ಮಕ್ಕಳನ್ನು ಕಂಡ ಗಂಡಸರನ್ನೂ ಊಟದ ಹೊತ್ತಿಗೆ ಎಲ್ಲರ ಎದುರು ಹಾಗೇ ಕರೆಯುತ್ತಿದ್ದರು.

ಶೆಡ್ಡಿನ ಹೆಂಗಸರಿಗೆಲ್ಲ ಹಿರಿಯಳಾಗಿ ಒಬ್ಬ ಅಕ್ಕ ಇದ್ದಳು. ಅವಳಷ್ಟು ಮೆದು ಮನಸ್ಸಿನವಳನ್ನು ನಾನು ಕಂಡಿಲ್ಲ. ಯಾರಿಗೆ ಜ್ವರ ಬಂದರೂ ಅವಳೇ ಕಷಾಯ ತರಬೇಕು, ಯಾರು ಅತ್ತರೂ ಅವಳ ಸೆರಗೇ ಸಿಗಬೇಕು. ಮೇಡಂ ಬೈದದ್ದನ್ನೆಲ್ಲ ಅಕ್ಕ ಸಮಾಧಾನ ಮಾಡಿ ಸರಿಪಡಿಸುತ್ತಿದ್ದಳು. ಹಾಗಾಗಿ ನಮಗೆಲ್ಲ ಅಕ್ಕ ದೇವರು, ಮೇಡಂ ಮಾರಿ.

ಆಸಿಡ್ಡಿಗೆ ಚಗಳಿಯ ಹೆಸರು ಬಂದ ವಿಷಯ ನನಗೆ ಹೇಳಿದವಳು ಅವಳೇ. ಮೇಡಂ ಹೊಸದಾಗಿ ಸೇರಿದಾಗ ಇಷ್ಟು ಬಿರುಸು ಇರಲಿಲ್ಲವಂತೆ. ಹೆಂಗಸರಿಗೆ ಸುಲಭವಾಗಿ ತಿಳಿಯಲಿ ಎಂದು, ನಗುನಗುತ್ತಾ, ಈ ಆಸಿಡ್ ಅಂದರೆ ಬೇರೆ ಏನೂ ಅಲ್ಲ, ಚಗಳಿ ಇರುವೆಯ ಮೈಯಲ್ಲಿರುವ ಹುಳಿಯೇ ಎಂದಿದ್ದರಂತೆ. ಮಾತು ಸುಳ್ಳಲ್ಲ. ಆದರೆ ನಮ್ಮ ಕಡೆ ಚಗಳಿ ಎಂದರೆ ಯಾರಿಗೆ ಭಯ? ಮಳೆಗಾಲದಲ್ಲಿ ಮರದ ಮೇಲಿನ ಎಲೆಗೂಡು ಇಳಿಸಿ, ಕೆಂಪಿರುವೆಯನ್ನು ಹುರಿದು, ಮೆಣಸು ಬೆಳ್ಳುಳ್ಳಿ ಹಾಕಿ ಚಟ್ನಿ ಅರೆದು ಉಣ್ಣುವ ಜನ ನಾವು. ಶೀತಕ್ಕೆ ಒಳ್ಳೆಯದೆಂದು ಮಕ್ಕಳಿಗೂ ನೆಕ್ಕಿಸುತ್ತೇವೆ. ಅಂದಿನಿಂದ ಶೆಡ್ಡಿನಲ್ಲಿ ಆಸಿಡ್ಡಿನ ಹೆಸರು ಚಗಳಿಹುಳಿ ಎಂದಾಯಿತು. ಹೆಸರು ಬದಲಾದ ಮೇಲೆ ಭಯ ಹೋಯಿತು. ಬರಿಗೈಯಲ್ಲಿ ಚೊಂಬಿನಿಂದ ಮೊಗೆಯುವವರು, ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಹದ ನೋಡುವವರು ಹುಟ್ಟಿಕೊಂಡರು. ಕೈ ಸುಟ್ಟುಕೊಂಡ ಒಬ್ಬ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಗಾಯಕ್ಕೆ ಬಳಿದುಕೊಂಡು ಇನ್ನಷ್ಟು ಹುಣ್ಣು ಮಾಡಿಕೊಂಡ. ಮೇಡಂ ಬಿರುಸಾದದ್ದು ಅದರ ಮೇಲೆ. ಒಂದೇ ಒಂದು ದಿನ ಮೆತ್ತಗೆ ಪಾಠ ಹೇಳಿದ್ದಕ್ಕೆ ತಾವೇ ತಮ್ಮನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಮೀನಿನ ಪಾಠವನ್ನು ನಾನೇ ನೋಡಿದ್ದೇನೆ. ಒಂದು ಬೆಳಿಗ್ಗೆ ಬರುವಾಗ ಮೇಡಂ ಪೇಟೆಯಿಂದ ಬಂಗುಡೆ ತಂದಿದ್ದರು. ಎಲ್ಲರನ್ನೂ ಕಲ್ಲಿನ ಮೇಜಿನ ಸುತ್ತ ನಿಲ್ಲಿಸಿ, ತಾಜಾ ಮೀನಿನ ಕಣ್ಣಿಗೆ ಕ್ಯಾನಿನಿಂದ ನೀರು ಬೆರೆಸದ ಆಸಿಡ್ ಒಂದು ಹನಿ ಬಿಟ್ಟರು. ಕಪ್ಪಗೆ ಹೊಳೆಯುತ್ತಿದ್ದ ಕಣ್ಣು ನಾವು ನೋಡುತ್ತಿದ್ದಂತೆಯೇ ಬೇಯಿಸಿದ ಮೊಟ್ಟೆಯ ಹಾಗೆ ಬಿಳಿಚಿಕೊಂಡಿತು.

"ಇದೇ ನಿಮ್ಮ ಚಗಳಿ ಚಟ್ನಿ. ಮನೆಗೆ ತಗೊಂಡ್ಹೋಗಿ ಉಣ್ಣಿ" ಎಂದರು.

ಬಸುರಿ ಹೆಂಗಸೊಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು. ಮೇಡಂ ಅವಳ ಕೈಗೆ ಪೊರಕೆ ಕೊಟ್ಟು, ಕನ್ನಡಕ ಹಾಕಿಕೊಂಡು ಗುಡಿಸು ಎಂದರು. ಪೊರಕೆಯನ್ನು ಕಿತ್ತುಕೊಂಡು ಗುಡಿಸಿದ್ದು ಅಕ್ಕ. ಆಸಿಡ್ ತಾಗಿದರೆ ಏನು ಮಾಡಬೇಕು ಎಂದು ಮೇಡಂ ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು. ಸುಣ್ಣ ಎಂದವರಿಗೆ, ಎಣ್ಣೆ ಎಂದವರಿಗೆ, ಎದೆಹಾಲು ಎಂದವರಿಗೆ, ಆಸ್ಪತ್ರೆ ಎಂದವರಿಗೂ ಬೈಗುಳ. ಅವರಿಗೆ ಬೇಕಿದ್ದ ಉತ್ತರ ಒಂದೇ, ಅದನ್ನು ನಮ್ಮ ಬಾಯಲ್ಲಿ ಮಗ್ಗಿಯ ಹಾಗೆ ಹೇಳಿಸಿದರು: ಮೊದಲು ನೀರು, ಆಮೇಲೆ ಅಳು. ಹರಿಯುವ ನೀರು, ತುಂಬ ಹೊತ್ತು, ರೆಪ್ಪೆ ಬಿಡಿಸಿ. ಆಸ್ಪತ್ರೆ ಅದಾದ ಮೇಲೆ.

ಬೇಸಿಗೆ ಬಂತು. ಆಸಿಡ್ಡಿನ ಘಾಟಿಗೆ ನನಗೆ ತಲೆನೋವು ಬರುತ್ತಿತ್ತು. ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಆ ಆಸಿಡ್ ಇಟ್ಟಲ್ಲೇ ಸ್ವಲ್ಪ ಸ್ವಲ್ಪ ಅನಿಲ ಬಿಡುತ್ತದೆ, ಅದಕ್ಕೇ ಕ್ಯಾನಿನ ಮುಚ್ಚಳದಲ್ಲಿ ಸಣ್ಣ ಕಿಂಡಿ ಇರುತ್ತದೆ, ಅದನ್ನು ಮುಚ್ಚಕೂಡದು ಎಂದು ಮೇಡಂ ಹೇಳಿ ಹೇಳಿ ಸಾಕಾಗಿದ್ದರು. ಅಕ್ಕ ಮಾತ್ರ ಮಿಡಿ ಉಪ್ಪಿನಕಾಯಿಯ ಭರಣಿ ಕಟ್ಟುವ ಹಾಗೆ ಮುಚ್ಚಳದ ಮೇಲೆ ಬಟ್ಟೆ ಹಾಸಿ, ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಘಾಟು ದೂರವಿರಲಿ ಎಂದು ಕ್ಯಾನನ್ನು ಹೊರಗೆ ಬಿಸಿಲಿಗಿಟ್ಟಳು. ಮಧ್ಯಾಹ್ನ ಸ್ಯಾಂಪಲ್ಲಿಗೆಂದು ನಾನು ಪಟ್ಟಿ ಬಿಚ್ಚಿ ಮುಚ್ಚಳ ತಿರುಗಿಸಿದೆ. ಸೆಕೆಗೆ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದೆ. ಬುಸ್ ಎಂದು ಮುಖಕ್ಕೆ ಹಾರಿತು.

ಆ ಉರಿಯನ್ನು ನಾನು ಬರೆಯಲಾರೆ. ಯಾರೋ ನನ್ನ ಜಡೆಗೆ ಕೈ ಹಾಕಿ ನೆಲದ ಮೇಲೆ ದರದರ ಎಳೆದುಕೊಂಡು ಹೋದದ್ದು ಗೊತ್ತಾಯಿತು. ತಲೆಯನ್ನು ನಲ್ಲಿಯ ಕೆಳಗೆ ತುರುಕಿ, ಕುತ್ತಿಗೆಯ ಮೇಲೆ ಮೊಣಕೈ ಒತ್ತಿ, ಮುಚ್ಚಿದ ರೆಪ್ಪೆಗಳನ್ನು ಉಗುರಿನಿಂದ ಕೆತ್ತಿ ಬಿಡಿಸಿದರು. ನಾನು ಆ ಕೈಯನ್ನು ಕಚ್ಚಿದೆ. ಉಸಿರು ಕಟ್ಟುತ್ತದೆ, ಬಿಡಿ ಎಂದು ಗೋಗರೆದೆ.

"ಕಣ್ಣು ಬಿಡೇ. ಬಿಡ್ತೀಯೋ, ರೆಪ್ಪೆ ಕೊಯ್ದು ಹಾಕ್ಲೋ?" ಮೇಡಂ ದನಿ.

ಅಕ್ಕ ಅಳುತ್ತಾ ನನ್ನನ್ನು ಬಿಡಿಸಲು ಬಂದಳಂತೆ. ಮೇಡಂ ಅವಳ ಹೊಟ್ಟೆಗೆ ಒದ್ದರಂತೆ. ಆಸ್ಪತ್ರೆಗೆ ಒಯ್ಯಲು ಫ್ಯಾಕ್ಟರಿಯ ಜೀಪು ಬಂದು ನಿಂತು ಹಾರನ್ ಹೊಡೆಯುತ್ತಿದ್ದರೂ ಬಿಡಲಿಲ್ಲ. ತಮಗೆ ಸಾಕೆನ್ನಿಸುವ ತನಕ ನನ್ನನ್ನು ನೀರಿನಲ್ಲಿ ಹಿಡಿದು, ಆಮೇಲೆ ಒದ್ದೆ ಬಟ್ಟೆಯ ಮೂಟೆಯ ಹಾಗೆ ಜೀಪಿನೊಳಗೆ ನೂಕಿದರು.

ಸಾಗರದ ಕಣ್ಣಿನ ಡಾಕ್ಟರು ನೋಡಿದ ಕೂಡಲೇ ತೊಳೆದವರು ಯಾರೆಂದು ಕೇಳಿದರು. ಅವರಿಂದಲೇ ಎರಡೂ ಕಣ್ಣು ಉಳಿದಿವೆ, ಪಟ್ಟಿ ಬಿಚ್ಚಿದ ಮೇಲೆ ಮೊದಲು ಹೋಗಿ ಅವರ ಕಾಲಿಗೆ ಬೀಳು ಎಂದರು. ಪಕ್ಕದಲ್ಲೇ ನಿಂತಿದ್ದ ನನ್ನ ಸೋದರಮಾವನಿಗೆ ಆ ಮಾತು ಕಿವಿಗೆ ಬೀಳಲಿಲ್ಲ. ಅವನು ನೋಡಿದ್ದು ಕಿತ್ತುಬಂದ ಕೂದಲು, ಪರಚಿದ ರೆಪ್ಪೆ, ಕುತ್ತಿಗೆಯ ಮೇಲಿನ ನೀಲಿ ಬರೆ. ಮಲಗಿದ್ದಲ್ಲಿಂದಲೇ ಅವನಿಗೆ ತಿಳಿಹೇಳಿದೆ. ಸಿಟ್ಟಿನಲ್ಲಿ ಹೇಳಿದೆ, ಕೈಮುಗಿದು ಹೇಳಿದೆ. ನಿನಗೆ ಗೊತ್ತಾಗಲ್ಲ, ಸುಮ್ಮನಿರು ಎಂದ. ನಾಲ್ಕು ಜನರನ್ನು ಕಟ್ಟಿಕೊಂಡು ಫ್ಯಾಕ್ಟರಿಗೆ ಹೋಗಿ, ಹೆಣ್ಣುಮಗಳಿಗೆ ಹೊಡೆದದ್ದಕ್ಕೆ ಪೊಲೀಸರ ಹತ್ತಿರ ಹೋಗುತ್ತೇನೆ ಎಂದು ಕೂಗಾಡಿದ. ಮಾಲೀಕರು ಹೆದರಿದರು. ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿ ಮೇಡಂ ಕೈಲಿ ತಪ್ಪಾಯ್ತು ಎನ್ನಿಸಿದರು.

"ತಪ್ಪಾಯ್ತು. ಇನ್ನು ಯಾರ ಕಣ್ಣು ಹೋದ್ರೂ ನಾನು ಮುಟ್ಟಲ್ಲ" ಎಂದರಂತೆ ಮೇಡಂ, ಕೆನ್ನೆ ಒರೆಸಿಕೊಂಡು. ಪಶ್ಚಾತ್ತಾಪಕ್ಕೆ ಅಳುತ್ತಿದ್ದಾರೆ ಎಂದು ನನ್ನ ಮಾವ ಸಮಾಧಾನಪಟ್ಟುಕೊಂಡು ಬಂದ.

ಮಾಲೀಕರು ಅಷ್ಟಕ್ಕೇ ಬಿಡಲಿಲ್ಲ. ಗೋಡೆಗೆ ಒಂದು ಬೋರ್ಡು ಹಾಕಿಸಿದರು. ಯಾರಿಗೆ ಅಪಘಾತವಾದರೂ ಕೂಡಲೇ ವಾಹನದಲ್ಲಿ ಆಸ್ಪತ್ರೆಗೆ ಒಯ್ಯತಕ್ಕದ್ದು, ಫ್ಯಾಕ್ಟರಿಯೊಳಗೆ ಯಾರೂ ಚಿಕಿತ್ಸೆ ಮಾಡತಕ್ಕದ್ದಲ್ಲ. ಓದಲು ಬಾರದವರಿಗೆ ಅಕ್ಕನೇ ಓದಿ ಹೇಳಿ ಬಾಯಿಪಾಠ ಮಾಡಿಸಿದಳು. ಮನೆಯವರು ನನ್ನನ್ನು ಮತ್ತೆ ಆ ಕಡೆಗೆ ಕಳಿಸಲಿಲ್ಲ. ಸಾಗರದಲ್ಲೇ ಮಣ್ಣು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು.

ಮರುವರ್ಷದ ಮಳೆಗಾಲದಲ್ಲಿ ಆಸಿಡ್ ಮೇಡಂ ಕಣ್ಣಿಗೇ ಬಿತ್ತು. ಸೋರುವ ಕಣ್ಣು ಒರೆಸಿಕೊಳ್ಳಲು ಕನ್ನಡಕ ಎತ್ತಿದ್ದರಂತೆ. ಅದೇ ಹೊತ್ತಿಗೆ ಒಬ್ಬ, ತಳಕ್ಕೆ ಕೈ ಕೊಡದೆ ಬರೀ ಕುತ್ತಿಗೆ ಹಿಡಿದು ಎತ್ತಿದ ಕ್ಯಾನು ಜಾರಿ ಅವರ ಮುಂದೆಯೇ ಒಡೆಯಿತು. ಮುಂದಿನದನ್ನು ಅಕ್ಕ ಸಾಗರಕ್ಕೆ ಬಂದು, ನನ್ನ ಎದುರು ಕೂತು, ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು. ಮೇಡಂ ನಲ್ಲಿಯ ಕಡೆಗೆ ತಡವರಿಸಿಕೊಂಡು ಓಡಿದರಂತೆ. ನೋವಿಗೆ ದಿಕ್ಕು ತಪ್ಪಿದೆ ಎಂದು ಇಬ್ಬರು ಗಂಡಸರು ತೋಳು ಹಿಡಿದು ಕೂರಿಸಿದರಂತೆ. ರಬ್ಬರ್ ಹಾಲು ಕೈಗೆ ಅಂಟದಿರಲೆಂದು ಶೆಡ್ಡಿನಲ್ಲಿಡುವ ಕೊಬ್ಬರಿ ಎಣ್ಣೆಯನ್ನು, ತಂಪಾಗಲಿ ಎಂದು, ಅಕ್ಕ ಅವರ ಎರಡೂ ಕಣ್ಣಿಗೆ ಹಚ್ಚಿದಳಂತೆ. ಆಮೇಲೆ ಜೀಪು. ಹೊಸನಗರ ದಾಟಿ ಶಿವಮೊಗ್ಗದ ತನಕ.

ಆಷಾಢದ ಮಳೆ. ಆ ರಸ್ತೆ ಬಲ್ಲವರಿಗೆ ಹೇಳಬೇಕಾಗಿಲ್ಲ, ಇಕ್ಕೆಲದ ಚರಂಡಿಯಲ್ಲಿ ನೀರು, ಪಕ್ಕದ ಕಡಿದಾದ ಧರೆಯಿಂದ ಇಳಿಯುವ ನೀರು, ಪ್ರತಿ ತಿರುವಿಗೂ ಒಂದು ಹಳ್ಳ. ಜೀಪು ನಿಲ್ಲಿಸು, ನನ್ನನ್ನು ಆ ಚರಂಡಿಗೆ ನೂಕು ಎಂದು ಮೇಡಂ ದಾರಿಯುದ್ದಕ್ಕೂ ಬೇಡಿಕೊಂಡರಂತೆ. ಡ್ರೈವರ್ ತುಂಬ ಒಳ್ಳೆಯ ಹುಡುಗ. ಅಳುತ್ತಾ ಇನ್ನೂ ಜೋರಾಗಿ ಓಡಿಸಿದನಂತೆ.

"ಒಂದ್ ಗಳಿಗೆ ತಡ ಮಾಡ್ಲಿಲ್ಲ ಮಾರಾಯ್ತಿ. ನಂಗೆ ಒದ್ದಿದ್ರು, ಆದ್ರೂ ನಾನು ಮನಸ್ಸಲ್ಲಿ ಇಟ್ಕೊಳ್ಲಿಲ್ಲ. ದಾರಿಯುದ್ದ ತಲೆ ನನ್ನ ಮಡಿಲಲ್ಲೇ ಇತ್ತು" ಎಂದಳು ಅಕ್ಕ.

ಮೇಡಂ ಎರಡೂ ಕಣ್ಣು ಕಳೆದದ್ದು ನೀವೇ ಎಂದು ನಾನು ಅವಳಿಗೆ ಹೇಳಿದೆ. ಎಣ್ಣೆಯಿಂದ ಏನಾಯಿತು, ಬೋರ್ಡಿನಿಂದ ಏನಾಯಿತು, ಮೊದಲ ಕೆಲವು ನಿಮಿಷಗಳಲ್ಲಿ ನೀರು ಬಿದ್ದಿದ್ದರೆ ಏನಾಗುತ್ತಿತ್ತು, ಎಲ್ಲವನ್ನೂ ಬಿಡಿಸಿ ಹೇಳಿದೆ. ಮುಚ್ಚಳ ಬಿಗಿದದ್ದನ್ನೂ ಬಿಡಲಿಲ್ಲ. ಅಕ್ಕ ಕಾಫಿ ಮುಟ್ಟದೆ ಎದ್ದು ಹೋದಳು, ಮತ್ತೆ ಬರಲಿಲ್ಲ. ವಯಸ್ಸಾದವಳಿಗೆ ಹಾಗನ್ನಬಾರದಿತ್ತು ಎಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಆ ಶೆಡ್ಡಿನಲ್ಲಿ ಇನ್ನೂ ಕ್ಯಾನುಗಳಿದ್ದವು, ಕಣ್ಣಿದ್ದವರೂ ಇದ್ದರು. ಹೇಳಿದ್ದು ಸರಿಯೆಂದೇ ನನ್ನ ಲೆಕ್ಕ.

ಮೇಡಂ ಹೋದ ವರ್ಷ ತೀರಿಕೊಂಡರು. ಹಳೆಯ ಶ್ವಾಸಕೋಶದ ತೊಂದರೆ ಎಂದರು. ತೀರ್ಥಹಳ್ಳಿಯಲ್ಲಿ ಅವರ ತಂಗಿಯ ಮನೆಗೆ ಬಂದಿದ್ದ ಜನ, ಬಾಯಿ ಜೋರು, ಆದರೂ ಪಾಪ ಎಂದು ಮಾತಾಡಿಕೊಳ್ಳುತ್ತಿದ್ದರು. ಆ 'ಪಾಪ' ಕೇಳಿ ನನಗೆ ಮೈಯೆಲ್ಲ ಉರಿಯಿತು.

ಅದಕ್ಕೆ ಕೆಲವು ತಿಂಗಳ ಹಿಂದೆ ಅದೇ ಮನೆಗೆ ಅವರನ್ನು ನೋಡಲು ಹೋಗಿದ್ದೆ. ಜಗುಲಿಯ ಬೆಂಚಿನ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದ ಮೇಲೆ ಕ್ಷೇಮಸಮಾಚಾರ ಕೇಳಲಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ಇದೆಯೇ ಎಂದು ವಿಚಾರಿಸಿ, ನಿಂತಲ್ಲಿಂದಲೇ ಅದರ ಸಣ್ಣಕ್ಷರ ಓದು ಎಂದರು. ಎಡಗಣ್ಣು ಮುಚ್ಚಿಸಿ ಒಮ್ಮೆ, ಬಲಗಣ್ಣು ಮುಚ್ಚಿಸಿ ಒಮ್ಮೆ. ಇವತ್ತಿನ ತಿಥಿ, ನಕ್ಷತ್ರ, ರಾಹುಕಾಲ ಎಲ್ಲವನ್ನೂ ಶಾಲೆಯ ಹುಡುಗಿಯ ಹಾಗೆ ಓದಿ ಒಪ್ಪಿಸಿದೆ. ಅವರು ತಲೆಯಾಡಿಸಿದರು.

"ನಿನಗಿಂತ ಜೋರಾಗಿ ಕೂಗಿದೆ ಕಣೇ, ನೀರಿಗೆ ಹಿಡೀರಿ ಅಂತ" ಎಂದರು. "ಎಲ್ರೂ ಎಷ್ಟು ಮೆತ್ತಗೆ ಹಿಡ್ಕೊಂಡಿದ್ರು ಗೊತ್ತಾ? ಒಬ್ರಾದ್ರೂ ನನ್ನ ಜುಟ್ಟಿಗೆ ಕೈ ಹಾಕ್ಲಿಲ್ಲ."