ನಿಂಗರಾಜು ತೆಗೆದುಕೊಟ್ಟ ದನಿ

ನಿಂಗರಾಜು ಕೆಟ್ಟ ಹಾರ್ಡ್ ಡಿಸ್ಕಿಗೆ ಒಂದೇ ಒಂದು ಸಲ ಕರೆಂಟು ಕೊಟ್ಟು ಕಿವಿಗೆ ಹಿಡಿಯುತ್ತಿದ್ದ. ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ಒಳಗಿನ ಟಿಕ್ ಟಿಕ್ ಆಲಿಸುವಾಗ ಎದುರಿಗಿದ್ದವರು ಕೆಮ್ಮಿದರೂ ಕೈ ಎತ್ತಿ ಸುಮ್ಮನಿರಿಸುತ್ತಿದ್ದ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಕೊಬ್ಬರಿ ಮಂಡಿಯ ಪಕ್ಕದ ಕಿರಿದಾದ ಅಂಗಡಿ ಅವನದು.

ನಾನು ಅವನಲ್ಲಿಗೆ ಹೋದದ್ದು ಮಗಳು ತೀರಿಕೊಂಡ ಮರುವರ್ಷ. ಅನುವಿಗೆ ಒಂಬತ್ತು ವರ್ಷ. ಡೆಂಗ್ಯೂ ನಾಲ್ಕೇ ದಿನದಲ್ಲಿ ಮುಗಿಸಿಬಿಟ್ಟಿತು. ಅವಳ ಫೋಟೊಗಳೆಲ್ಲ ಅರಕಲಗೂಡಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದವು. ಸುಣ್ಣ ಬಳಿಸಲೆಂದು ಮೇಜು ಸರಿಸುವಾಗ ಆ ಕಂಪ್ಯೂಟರು ನನ್ನ ಕೈಯಿಂದಲೇ ಜಾರಿ ಬಿತ್ತು. ಮಗಳ ಹೆಸರನ್ನೇ ಎತ್ತದೆ ದಿನ ದೂಡುತ್ತಿದ್ದ ಹೆಂಡತಿ ಶಾರದ, ಅಂದಿನಿಂದ ನನ್ನೊಡನೆ ಮಾತೂ ಕಡಿಮೆ ಮಾಡಿದಳು. ಹಾಸನದ ಎರಡು ಅಂಗಡಿಯವರು ಕೈಚೆಲ್ಲಿದ ಮೇಲೆ ಯಾರೋ ನಿಂಗರಾಜುವಿನ ಹೆಸರು ಹೇಳಿದರು.

ಬಿದ್ದ ಮೇಲೆ ಎಷ್ಟು ಸಲ ಆನ್ ಮಾಡಿದ್ದೀರಿ ಎಂದು ಕೇಳಿದ. ನೆನಪಿಲ್ಲ ಎಂದೆ. ಅವನ ಮುಖ ಬಾಡಿತು.

"ಇನ್ ಮುಟ್ಬ್ಯಾಡಿ ಸಾ. ಆನ್ ಮಾಡ್ದಂಗೆಲ್ಲಾ ಒಳಗಿನ್ ಮುಳ್ಳು ತಟ್ಟೆನ ಕೆರೀತದೆ. ಕೆರ್ದೋಗಿದ್ದು ವಾಪಸ್ ಬರಾಕಿಲ್ಲ."

ತಟ್ಟೆಯಲ್ಲಿರುವುದನ್ನು ಓದುವ ಆ ಮುಳ್ಳು ಬದಲಿಸಲು ಅದೇ ಮಾದರಿಯ ಇನ್ನೊಂದು ಡಿಸ್ಕ್ ಬೇಕಿತ್ತು. ಅದಕ್ಕಾಗಿ ಚನ್ನರಾಯಪಟ್ಟಣದ ಗುಜರಿ ಅಂಗಡಿಗಳಲ್ಲಿ ಒಂದು ಭಾನುವಾರವಿಡೀ ತಡಕಾಡಿದ. ಕೊನೆಗೆ ಶ್ರವಣಬೆಳಗೊಳದ ಲಾಡ್ಜೊಂದರ ಮೂಲೆಯಲ್ಲಿ ಬಿದ್ದಿದ್ದ ಕಂಪ್ಯೂಟರಿನಲ್ಲಿ ಸಿಕ್ಕಿತು. ಯಾರದೋ ಫೋಟೊಗೆ ಇಷ್ಟು ಯಾಕೆ ಒದ್ದಾಡುತ್ತೀಯ ಎಂದು ಒಂದು ದಿನ ಕಾಫಿ ಕುಡಿಯುತ್ತಾ ಕೇಳಿದೆ. ಲೋಟ ನೋಡುತ್ತಲೇ ಹೇಳಿದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. ಅವಳ ಫೋಟೊಗಳಿದ್ದ ಡಿಸ್ಕ್ ಕೆಟ್ಟಾಗ ಇವನಿನ್ನೂ ಕೆಲಸ ಕಲಿಯುತ್ತಿದ್ದ. ತಡೆಯಲಾಗದೆ ಬೆಳಗಿನಿಂದ ಸಂಜೆಯವರೆಗೂ ಆನ್ ಮಾಡುತ್ತಲೇ ಇದ್ದನಂತೆ.

"ನನ್ ಕೈಯಾರೆ ನಾನೇ ಅವಳ್ನ ಅಳಿಸ್ಬುಟ್ಟೆ ಸಾ," ಎಂದ.

ತಿಂಗಳಾದ ಮೇಲೆ, ಇಬ್ಬರೂ ಬನ್ನಿ ಎಂದು ಕರೆದ. ಮನೆಯವರ ಫೋಟೊ ಮನೆಯವರೇ ಮೊದಲು ನೋಡಬೇಕೆಂದು ನಮ್ಮನ್ನು ಕೂರಿಸಿ ತಾನು ಹೊರಗೆ ಹೋಗಿ ನಿಂತ. ಬಹಳಷ್ಟು ಹಾಳಾಗಿತ್ತು. ಗೊರೂರು ಅಣೆಕಟ್ಟೆಯ ಮೇಲೆ ತೆಗೆದ ಫೋಟೊದಲ್ಲಿ ಅನುವಿನ ಹಣೆ, ಗಾಳಿಗೆ ಹಾರುವ ಕೂದಲು, ಅಷ್ಟೇ. ಕೆಳಗೆಲ್ಲ ಬೂದು ಬಣ್ಣ. ಒಂದು ವಿಡಿಯೊದಲ್ಲಿ ಚಿತ್ರವೇ ಇರಲಿಲ್ಲ, ದನಿ ಮಾತ್ರ: "ಅಮ್ಮ, ಇಲ್ನೋಡು. ನೋಡು ಅಂದ್ರೆ."

ಶಾರದ ಅದನ್ನು ಮೂರು ಸಲ ಕೇಳಿದಳು. ಆಮೇಲೆ ಎದ್ದು ಹೊರಗೆ ಹೋಗಿ ನಿಂಗರಾಜುವಿಗೆ, "ನಮ್ಮ ಅನುಂದು ಸ್ವಲ್ಪ ದೊಡ್ಡ ಗಂಟಲು," ಎಂದಳು. ವರ್ಷದ ಮೇಲೆ ಅವಳ ಬಾಯಲ್ಲಿ ಆ ಹೆಸರು ಬಂದಿತ್ತು.

"ಪೂರ್ತಿ ತಗಿಯಾಕ್ ಆಗ್ನಿಲ್ಲ ಕಣಕ್ಕ," ಎಂದು ಅವನು ತಲೆ ತಗ್ಗಿಸಿದ.

ಆಮೇಲೆ ಅರಕಲಗೂಡಿನ ಕಡೆ ಬಂದಾಗಲೆಲ್ಲ ನಮ್ಮಲ್ಲೇ ಅವನ ಊಟ. ನನಗೂ ಹೇಳದಿದ್ದ ಮಗಳ ತುಂಟಾಟಗಳನ್ನು ಶಾರದ ಅವನಿಗೆ ಹೇಳುತ್ತಿದ್ದಳು. ಅವನು ಮುದ್ದೆ ಮುರಿಯುವುದನ್ನೂ ಬಿಟ್ಟು ಕೇಳುತ್ತಿದ್ದ.

ಕಳೆದ ಗೌರಿ ಹಬ್ಬಕ್ಕೆ ಕರೆಯಲು ಫೋನ್ ಮಾಡಿದರೆ ಅವನ ಅಣ್ಣ ಎತ್ತಿದರು. ಹಿಂದಿನ ದಿನ ಅಂಗಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟಿದ್ದ. ನಾವು ಅವನ ಮನೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ಪರಿಚಯವೇ ಇಲ್ಲದ ಹೆಂಗಸರ ನಡುವೆ ಕುಸಿದು ಕೂತು ಶಾರದ ಗಟ್ಟಿಯಾಗಿ ಅತ್ತಳು. ಮಗಳು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಬೇರೆ ಊರಿಂದ ಬಂದಿದ್ದ ಮುದುಕಿಯೊಬ್ಬಳು ಅವಳನ್ನು ನಿಂಗರಾಜುವಿನ ಅಕ್ಕನೆಂದೇ ತಿಳಿದು ನನ್ನ ಬಳಿ ಬಂದಳು.

"ಅಕ್ಕನ್ನ ಯಾವೂರ್ಗೆ ಕೊಟ್ಟಿದ್ರಪ್ಪಾ?"

ಅರಕಲಗೂಡಿಗೆ ಎಂದೆ.