ಕಪ್ಪು ಪರದೆಯ ಮುಂದೆ ಟೈಪಿಂಗ್ ಅಕ್ಕೋರು

ಮೊನ್ನೆ ನನ್ನ ಹೆಂಡತಿ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಮಟೆಯ ಟೈಪಿಂಗ್ ಕ್ಲಾಸು, ಸಾಲಾಗಿ ಕುಟ್ಟುತ್ತಿದ್ದ ಮಷಿನ್ನುಗಳು, ನಡುವೆ ಕನ್ನಡಕ ಏರಿಸಿಕೊಂಡು ಓಡಾಡುತ್ತಿದ್ದ ಅಕ್ಕೋರು... ನಮ್ಮ ಕಡೆ ಮೇಡಂ ಎನ್ನುವುದೆಲ್ಲ ಆಮೇಲೆ ಬಂತು. ಆಗ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ತಿಂಗಳಾಗಿತ್ತು. ಅಕ್ಕೋರೇ ಮೊದಲ ಗಿರಾಕಿ. ವೈರಸ್ಸಿನ ಕಾಟವಿಲ್ಲ ಎಂದು ಪುಸಲಾಯಿಸಿ ಅವರ ಕ್ಲಾಸಿನಲ್ಲಿದ್ದ ಒಂದೇ ಒಂದು ಕಂಪ್ಯೂಟರಿಗೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ. ಅಕ್ಷರ ಮಸುಕು ಕಾಣುತ್ತದೆ ಎಂದದ್ದಕ್ಕೆ ಒಂದು ಬೆಳಿಗ್ಗೆ ಹೋಗಿ ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ಹೊಸದು ಹಾಕಿದೆ. ಅದು ಒಳಗಿನ ಗ್ರಾಫಿಕ್ಸ್ ಕಾರ್ಡಿಗೆ ಹೊಂದಬೇಕು. ಆ ಕಾರ್ಡ್ ಯಾವುದೆಂದು ಬಿಚ್ಚಿ ನೋಡಲಿಲ್ಲ, ಕಂಪ್ಯೂಟರಿನ ಡಬ್ಬದ ಮೇಲಿದ್ದ ಹೆಸರನ್ನೇ ನಂಬಿದೆ. ಜಂಭ, ಮತ್ತೇನು! ತಿರುಗಿ ಚಾಲೂ ಮಾಡಿದರೆ ಪರದೆ ಪೂರ್ತಿ ಕಪ್ಪು.

ಕೀಬೋರ್ಡ್ ಕೆಲಸ ಮಾಡುತ್ತಿತ್ತು. ಹಳೆಯ ಸೆಟ್ಟಿಂಗ್ ವಾಪಸ್ ತರಲು ಯಾವ ಮೂರು ಸಾಲು ಹೊಡೆಯಬೇಕೆಂದೂ ಗೊತ್ತಿತ್ತು. ಆದರೆ ಹೊಡೆದದ್ದು ಕಾಣಬೇಕಲ್ಲ! ಎರಡೇ ಬೆರಳಲ್ಲಿ ಕುಟ್ಟುವವನು ನಾನು. ನಾಲ್ಕು ಸಲ ಹೊಡೆದೆ, ನಾಲ್ಕು ಸಲವೂ ಎಲ್ಲೋ ತಪ್ಪಿತು. ಹುಡುಗಿಯರು ಮಷಿನ್ ನಿಲ್ಲಿಸಿ ನೋಡುತ್ತಿದ್ದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ, ಇನ್ನು ಅಂಗಡಿಗೆ ಬಾಗಿಲು ಹಾಕುವುದೇ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅಕ್ಕೋರು ಮೊದಲು ಹುಡುಗಿಯರನ್ನೆಲ್ಲ ಮನೆಗೆ ಕಳಿಸಿದರು. ಆಮೇಲೆ, "ಎಂತಾತೋ ತಮ್ಮಾ?" ಎಂದರು. ಹೇಳಿದೆ.

"ಕಾಣೂದಿಲ್ಲ ಅಂದ್ರೆ ಎಂತಾತು? ನಾ ಎಲ್ಲಿ ನೋಡ್ಕಂಡು ಹೊಡೀತೆ? ಏಳು ಅಲ್ಲಿಂದ. ಒಂದೊಂದೇ ಅಕ್ಷರ ಹೇಳು."

ತಮಗೆ ಅರ್ಥವಾಗದ ಆ ಮೂರು ಸಾಲುಗಳನ್ನು ಚುಕ್ಕೆ, ಓರೆಗೆರೆ ಸಮೇತ ಅವರು ಕಿಟಕಿಯಾಚೆ ನೋಡುತ್ತ ಹೊಡೆದರು. ಕಂಪ್ಯೂಟರ್ ಮತ್ತೆ ಚಾಲೂ ಆಗಿ, ಅದೇ ಮಸುಕು ಅಕ್ಷರಗಳು ಮೂಡಿದವು. ಅಬ್ಬಾ, ಆ ಮಸುಕಿನಷ್ಟು ಚೆಂದದ್ದನ್ನು ನಾನು ಬೇರೆ ಕಂಡಿಲ್ಲ!

ಮರುದಿನ ಅಕ್ಕೋರು ಸಿಕ್ಕವರಿಗೆಲ್ಲ, "ಅರ್ಧ ತಾಸಲ್ಲಿ ರಿಪೇರಿ ಮಾಡ್ದ. ನಿಮ್ಮನೇದು ಕೆಟ್ರೆ ಇವನ್ನೇ ಕರೀರಿ" ಎಂದು ಹೇಳಿಕೊಂಡು ಬಂದರು. ಹಳದೀಪುರ, ಹೊನ್ನಾವರದಿಂದಲೂ ಗಿರಾಕಿಗಳು ಬಂದರು. ನಾನು ಕಂಪ್ಯೂಟರ್ ಕ್ಲಾಸನ್ನೂ ಶುರುಮಾಡಿದೆ. ಅವರ ಹುಡುಗಿಯರೇ ಒಬ್ಬೊಬ್ಬರಾಗಿ ನನ್ನಲ್ಲಿಗೆ ಬಂದರು... ಟೈಪಿಂಗ್ ಕ್ಲಾಸು ಮುಚ್ಚಿತು. ಆಮೇಲೂ ಎದುರಾದಾಗಲೆಲ್ಲ, "ಈಗಾದ್ರೂ ಹತ್ತು ಬೆರಳಲ್ಲಿ ಹೊಡೀತ್ಯಾ, ಇಲ್ಲಾ?" ಎಂದು ಕೆಣಕುತ್ತಿದ್ದರೇ ಹೊರತು ಅಂದಿನ ಕಪ್ಪು ಪರದೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಅಕ್ಕೋರು ಹೋಗಿ ಆರು ವರ್ಷವಾಯಿತು. ಅವರಿದ್ದಾಗ ನಾನು ನಿಜ ಹೇಳಿದ್ದರೆ ಊರು ನಾಲ್ಕು ದಿನ ನಗುತ್ತಿತ್ತು, ಅಷ್ಟೇ. ಅಷ್ಟು ಹೇಳಲೂ ನನಗೆ ಧೈರ್ಯ ಬರಲಿಲ್ಲ. ಕೇಳಲು ಅವರಿಲ್ಲದಾಗ ಹೇಳುತ್ತಿದ್ದೇನೆ: ಅಂದು ಆ ಕಂಪ್ಯೂಟರ್ ಕೆಡಿಸಿದವನು ನಾನು. ಸರಿಮಾಡಿದವರು ಅಕ್ಕೋರು.